ಯಾವ ಕಂಪನಿಯ ರೈಫಲ್ ಕಾಡತೂಸು ಒಳ್ಳೆಯದು? ನಿಮ್ಮ ರೈಫಲ್‌ನಲ್ಲೇ ಹೋಲಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಒಂದು ಡಬ್ಬಿಯಿಂದ ಮೂರು ಹೊಡೆತ. ಇನ್ನೊಂದು ಕಂಪನಿಯ ಡಬ್ಬಿಯಿಂದ ಮೂರು ಹೊಡೆತ. ಎರಡು ಟಾರ್ಗೆಟ್ ಪಕ್ಕಪಕ್ಕ ಇಟ್ಟು ನೋಡುವುದು, ಯಾವುದರ ತೂತುಗಳು ಹತ್ತಿರ ಇವೆಯೋ ಆ ಕಂಪನಿಯೇ ಒಳ್ಳೆಯದು ಅಂತ ಹತ್ತು ಡಬ್ಬಿ ಕೊಂಡುಬಿಡುವುದು. ಮುಂದಿನ ವಾರ ಅದೇ ಕಾಡತೂಸು ಹೊಡೆದರೆ ತೂತುಗಳು ಟಾರ್ಗೆಟ್ ತುಂಬ ಚದುರಿರುತ್ತವೆ. ಹೋಲಿಕೆ ಮಾಡಲು ಹೊರಟವರಲ್ಲಿ ಬಹಳಷ್ಟು ಜನ ಸೋಲುವುದು ಇಲ್ಲೇ. ಹೆಚ್ಚಿನ ಸಲ ತಪ್ಪು ಕಾಡತೂಸಿನದ್ದಲ್ಲ. ಪರೀಕ್ಷೆ ಮಾಡಿದ ಕ್ರಮದ್ದು.

ಮೊದಲೇ ಒಂದು ಮಾತು. ಈ ಬರಹದಲ್ಲಿ ಕಾಡತೂಸು ಅಂದರೆ ಕೇಸ್ (ಹಿತ್ತಾಳೆಯ ಕೊಳವೆ), ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ), ಮದ್ದು, ಗುಂಡು ಎಲ್ಲ ಸೇರಿದ ಇಡೀ ರೌಂಡ್. ಗುಂಡು ಅಂದರೆ ಮೂತಿಯಿಂದ ಹಾರಿ ಹೋಗುವ ತುದಿ ಮಾತ್ರ. ಇಲ್ಲಿ ಹೇಳುವುದೆಲ್ಲ ಪರವಾನಗಿ ಇರುವ ರೈಫಲ್‌ನಿಂದ, ಅನುಮತಿ ಇರುವ ರೇಂಜ್‌ನಲ್ಲಿ, ಟಾರ್ಗೆಟ್ ಶೂಟಿಂಗ್ ಮಾಡುವವರಿಗೆ.

## ನೀವು ಹೋಲಿಸುತ್ತಿರುವುದು ಕಂಪನಿಯನ್ನಲ್ಲ, ಲಾಟ್ ಅನ್ನು

ಡಬ್ಬಿಯ ಮಡಿಕೆಯ ಮೇಲೋ ಒಳಗಿನ ತಟ್ಟೆಯ ಮೇಲೋ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದೇ ಲಾಟ್ ಸಂಖ್ಯೆ. ಒಂದೇ ಸಲಕ್ಕೆ, ಒಂದೇ ಬಗೆಯ ಮದ್ದು ಮತ್ತು ಪ್ರೈಮರ್ ಮಿಶ್ರಣದಿಂದ ಆದ ಕಾಡತೂಸುಗಳ ಗುರುತು ಅದು. ಹೆಸರು ಒಂದೇ, ಡಬ್ಬಿ ಒಂದೇ, ಬೆಲೆಯೂ ಒಂದೇ ಇರಬಹುದು. ಲಾಟ್ ಬದಲಾದರೆ ನಿಮ್ಮ ಬ್ಯಾರೆಲ್‌ನಲ್ಲಿ ಫಲಿತಾಂಶವೂ ಬದಲಾಗಬಹುದು.

.22 ಎಲ್‌ಆರ್ (ಲಾಂಗ್ ರೈಫಲ್) ಎಂಬ ಚಿಕ್ಕ ಕಾಡತೂಸಿನಲ್ಲಿ ಇದು ಎದ್ದು ಕಾಣುತ್ತದೆ. ಇಂಗ್ಲೆಂಡಿನ ಎಲೀ, ಫಿನ್‌ಲೆಂಡಿನ ಲಪುವಾ ಎಂಬ ಕಾಡತೂಸು ತಯಾರಕರು ಇಬ್ಬರೂ ತಮ್ಮ ಪರೀಕ್ಷಾ ಕೇಂದ್ರಗಳಿಗೆ ಶೂಟರ್‌ಗಳನ್ನು ಅವರವರ ರೈಫಲ್ ಸಮೇತ ಕರೆಸಿಕೊಂಡು, ಲಾಟ್ ಮೇಲೆ ಲಾಟ್ ಹೊಡೆದು ತೋರಿಸುತ್ತಾರೆ. ಬರೀ ಹೆಸರು ನೋಡಿ ಕೊಂಡರೆ ಸಾಕಾಗುವಂತಿದ್ದರೆ ಅಷ್ಟು ಖರ್ಚು ಮಾಡುವ ಅಗತ್ಯವೇ ಇರಲಿಲ್ಲ, ಅಲ್ವಾ? ಇನ್ನೊಂದು ವಿಷಯ. ಲಪುವಾ ಮತ್ತು ಎಸ್‌ಕೆ ಎಂಬ ಎರಡು ಹೆಸರಿನ .22 ಕಾಡತೂಸುಗಳೂ ಜರ್ಮನಿಯ ಶೋನೆಬೆಕ್ ಊರಿನ ಒಂದೇ ಕಾರ್ಖಾನೆಯಿಂದ ಬರುತ್ತವೆ. ಡಬ್ಬಿಯ ಮೇಲಿನ ಹೆಸರು ಹೇಳುವುದು ಅರ್ಧ ಕತೆ ಮಾತ್ರ.

ಹಾಗಾಗಿ ಪುಸ್ತಕದಲ್ಲಿ ಬರೆಯುವಾಗ "ಆ ಕಂಪನಿ ಚೆನ್ನಾಗಿದೆ" ಅಂತ ಬರೆಯಬೇಡಿ. "ಈ ರೈಫಲ್, ಈ ಲಾಟ್, ಇಷ್ಟು ಹೊಡೆತ, ಇಷ್ಟು ಅಳತೆ" ಅಂತ ಬರೆಯಿರಿ. ಮುಂದಿನ ಎಲ್ಲ ಹಂತಗಳೂ ನಿಂತಿರುವುದು ಈ ಒಂದು ಅಭ್ಯಾಸದ ಮೇಲೆ.

## ಬೇಕಾಗುವ ಸಾಮಾನು

ಗಟ್ಟಿಯಾದ ಬೆಂಚು, ಮುಂದೆ ಒಂದು ರೆಸ್ಟ್ ಅಥವಾ ಮರಳು ಚೀಲ, ಬಟ್ (ಭುಜಕ್ಕೆ ಒರಗುವ ಹಿಂತುದಿ) ಕೆಳಗೆ ಇನ್ನೊಂದು ಚೀಲ. ಡಿಜಿಟಲ್ ಕ್ಯಾಲಿಪರ್. ಒಂದೇ ಹಾಳೆಯಲ್ಲಿ ಐದಾರು ಗುರಿ ಇರುವ ಟಾರ್ಗೆಟ್‌ಗಳು. ಗಾಳಿ ನೋಡಲು ಕೋಲಿಗೆ ಕಟ್ಟಿದ ತೆಳು ಪ್ಲಾಸ್ಟಿಕ್ ಪಟ್ಟಿ, ಕನಿಷ್ಠ ಎರಡು. ಸ್ಕ್ರೂ ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಟಾರ್ಕ್ ಸ್ಕ್ರೂಡ್ರೈವರ್. ನಿಮ್ಮ ಕ್ಯಾಲಿಬರ್‌ಗೆ ಸರಿಹೋಗುವ ಕ್ಲೀನಿಂಗ್ ರಾಡ್. ಕನ್ನಡಕ, ಕಿವಿ ರಕ್ಷಣೆ. ನೋಟ್‌ಬುಕ್, ಪೆನ್ನು.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ದುಡ್ಡು ಕಡಿಮೆ ಇದ್ದರೆ ಅದನ್ನು ಉಪಕರಣಕ್ಕಿಂತ ಮೊದಲು ಕಾಡತೂಸಿಗೆ ಹಾಕಿ. ಹೊಡೆತಗಳ ಸಂಖ್ಯೆ ಕಡಿಮೆಯಾದರೆ ಯಾವ ಉಪಕರಣವೂ ನಿಮ್ಮನ್ನು ಕಾಪಾಡುವುದಿಲ್ಲ.

## ಹಂತ 1: ರೈಫಲ್‌ಗೆ ಹೊಂದುವುದು ಯಾವುದು ಅಂತ ಖಚಿತ ಮಾಡಿ

ಬ್ಯಾರೆಲ್ ಮೇಲೆ ಕೆತ್ತಿದ ಕ್ಯಾಲಿಬರ್ ಹೆಸರು ಮತ್ತು ಡಬ್ಬಿಯ ಮೇಲಿನ ಹೆಸರು ಅಕ್ಷರಶಃ ಒಂದೇ ಇರಬೇಕು. ಹತ್ತಿರ ಹತ್ತಿರ ಇದ್ದರೆ ಸಾಲದು. 5.56 ನೇಟೋ ಮತ್ತು .223 ರೆಮಿಂಗ್ಟನ್ ನೋಡಲು ಒಂದೇ ಥರ. ಆದರೆ 5.56 ಕಾಡತೂಸನ್ನು .223 ಚೇಂಬರ್‌ನಲ್ಲಿ (ಬ್ಯಾರೆಲ್‌ನಲ್ಲಿ ಕಾಡತೂಸು ಕೂರುವ ಜಾಗ) ಹೊಡೆದರೆ ಒತ್ತಡ ಮಿತಿ ಮೀರಬಹುದು. .22 ಎಲ್‌ಆರ್ ಅನ್ನು .22 ಮ್ಯಾಗ್ನಮ್ ಚೇಂಬರ್‌ಗೆ ಹಾಕಿದರೆ ಸಡಿಲವಾಗಿ ಕೂತು, ಹೊಡೆದಾಗ ಕೇಸ್ ಸೀಳುತ್ತದೆ. ಎಲ್ಲಕ್ಕಿಂತ ಅಪಾಯದ್ದು .300 ಬ್ಲ್ಯಾಕ್‌ಔಟ್. ಅದರ ಕೆಲವು ಕಾಡತೂಸುಗಳು .223 ಚೇಂಬರ್ ಒಳಗೆ ಕೂತುಬಿಡುತ್ತವೆ. ಟ್ರಿಗರ್ ಒತ್ತಿದರೆ ರೈಫಲ್ ಒಡೆಯುತ್ತದೆ. ಬೇರೆ ಬೇರೆ ಕ್ಯಾಲಿಬರ್‌ನ ಕಾಡತೂಸುಗಳು ಒಂದೇ ಬೆಂಚಿನ ಮೇಲೆ ಯಾವತ್ತೂ ಇರಬಾರದು.

ಆಮೇಲೆ ಟ್ವಿಸ್ಟ್ ನೋಡಿ. ಬ್ಯಾರೆಲ್ ಒಳಗಿನ ಗೆರೆಗಳು ಎಷ್ಟು ಇಂಚಿಗೆ ಒಂದು ಸುತ್ತು ಸುತ್ತುತ್ತವೆ ಅನ್ನುವ ಲೆಕ್ಕ ಅದು. .223ರಲ್ಲಿ 12 ಇಂಚಿಗೆ ಒಂದು ಸುತ್ತಿನ ಬ್ಯಾರೆಲ್ 55 ಗ್ರೇನ್ (ತೂಕದ ಅಳತೆ) ಗುಂಡಿಗೆ ಸರಿ. 77 ಗ್ರೇನ್‌ನ ಉದ್ದ ಗುಂಡನ್ನು ಅದು ಸ್ಥಿರವಾಗಿ ತಿರುಗಿಸಲಾರದು. ಅದಕ್ಕೆ 7 ಅಥವಾ 8 ಇಂಚಿನ ಟ್ವಿಸ್ಟ್ ಬೇಕು. ಟಾರ್ಗೆಟ್ ಮೇಲೆ ದುಂಡಗಿನ ತೂತಿನ ಬದಲು ಉದ್ದನೆಯ ತೂತು ಬಿದ್ದರೆ ಗುಂಡು ಅಡ್ಡಡ್ಡ ಹೋಗುತ್ತಿದೆ ಅಂತ ಅರ್ಥ. ಆ ಕಾಡತೂಸನ್ನು ಹೋಲಿಕೆಯಿಂದ ತೆಗೆದುಬಿಡಿ. ಅದರಲ್ಲಿ ತಯಾರಿಕೆಯ ದೋಷ ಇರಲಿಕ್ಕಿಲ್ಲ, ನಿಮ್ಮ ಬ್ಯಾರೆಲ್‌ಗೆ ಹೊಂದುತ್ತಿಲ್ಲ ಅಷ್ಟೇ.

## ಹಂತ 2: ಸಮಾನವಾದದ್ದನ್ನೇ ಕೊಂಡುಕೊಳ್ಳಿ

ಒಂದು ಕಂಪನಿಯ ಮ್ಯಾಚ್ (ಸ್ಪರ್ಧೆಯ) ದರ್ಜೆಯನ್ನು ಇನ್ನೊಂದು ಕಂಪನಿಯ ಅಭ್ಯಾಸದ ದರ್ಜೆಯ ಜೊತೆ ಇಟ್ಟರೆ ಅದು ಹೋಲಿಕೆ ಆಗುವುದಿಲ್ಲ. ದರ್ಜೆ, ಗುಂಡಿನ ತೂಕ, ಗುಂಡಿನ ಆಕಾರ ಮೂರೂ ಸಾಧ್ಯವಾದಷ್ಟು ಒಂದೇ ಇರಲಿ. .308 ವಿಂಚೆಸ್ಟರ್‌ನಲ್ಲಿ 168 ಗ್ರೇನ್ ಮ್ಯಾಚ್ ಗುಂಡು ಅಂದುಕೊಂಡರೆ ಎಲ್ಲ ಕಂಪನಿಗಳದ್ದೂ ಅದೇ ಇರಲಿ.

.22ರಲ್ಲಿ ವೇಗದ ವರ್ಗವನ್ನೂ ನೋಡಿ. ಸ್ಟ್ಯಾಂಡರ್ಡ್ ವೆಲಾಸಿಟಿ ಕಾಡತೂಸಿನ ಗುಂಡು ಸೆಕೆಂಡಿಗೆ ಸುಮಾರು 320ರಿಂದ 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದು ಶಬ್ದದ ವೇಗಕ್ಕಿಂತ ಸ್ವಲ್ಪ ಕಡಿಮೆ. ಹೈ ವೆಲಾಸಿಟಿ ಗುಂಡು 380 ಮೀಟರ್ ಆಸುಪಾಸಿನಲ್ಲಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗೆ ಇಳಿಯುವಾಗ ಗುಂಡು ಅಲುಗಾಡುತ್ತದೆ. 50 ಮೀಟರ್ ನಿಖರತೆಗೆ ಇವೆರಡನ್ನು ಎದುರುಬದುರು ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ಪ್ರತಿ ಬಗೆಯಲ್ಲೂ ಕನಿಷ್ಠ 80 ಕಾಡತೂಸು ಕೊಳ್ಳಿ. ಎಲ್ಲವೂ ಒಂದೇ ಲಾಟ್‌ನದ್ದಾಗಿರಲಿ. ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ಲಾಟ್ ಸಂಖ್ಯೆ ಓದಿ. ಒಂದೇ ಕಪಾಟಿನಲ್ಲಿ ಎರಡು ಲಾಟ್ ಬೆರೆತಿರುವುದು ತೀರಾ ಸಾಮಾನ್ಯ. ಮೊದಲ ಸಲಕ್ಕೆ ಮೂರು ಕಂಪನಿ ಸಾಕು. ಆರು ಕಂಪನಿ ಇಟ್ಟುಕೊಂಡು ಹೊರಟವರು ಅರ್ಧ ದಾರಿಯಲ್ಲಿ ಸುಸ್ತಾಗಿ, ಕೊನೆಯ ಎರಡಕ್ಕೆ ನ್ಯಾಯ ಮಾಡುವುದಿಲ್ಲ.

ಡಬ್ಬಿಯ ಮೇಲೆ ಬರೆದ ವೇಗವನ್ನು ಹೋಲಿಕೆಗೆ ಬಳಸಬೇಡಿ. ಒಬ್ಬೊಬ್ಬರು ಒಂದೊಂದು ಉದ್ದದ ಪರೀಕ್ಷಾ ಬ್ಯಾರೆಲ್‌ನಲ್ಲಿ ಅಳೆದಿರುತ್ತಾರೆ.

## ಹಂತ 3: ಹೊಡೆಯುವ ಮುಂಚೆ ಕಣ್ಣಲ್ಲಿ ನೋಡಿ

ಒಳ್ಳೆಯ ಬೆಳಕಿನಲ್ಲಿ ಬಿಳಿ ಬಟ್ಟೆ ಹಾಸಿ, ಪ್ರತಿ ಡಬ್ಬಿಯಿಂದ 20 ಕಾಡತೂಸು ಸಾಲಾಗಿ ನಿಲ್ಲಿಸಿ. ಮೇಲಿನ ತುದಿಗಳು ಒಂದೇ ಮಟ್ಟದಲ್ಲಿ ಇವೆಯೇ? ಒಂದೆರಡು ಎತ್ತರ ಇದ್ದರೆ ಗುಂಡು ಸರಿಯಾಗಿ ಕೂತಿಲ್ಲ. ಈಗ ಒಂದೊಂದನ್ನೇ ಗಾಜಿನ ಮೇಲೆ ಮೆಲ್ಲಗೆ ಉರುಳಿಸಿ, ಗುಂಡಿನ ತುದಿಯನ್ನೇ ನೋಡಿ. ನೇರವಾಗಿ ಕೂತ ಗುಂಡಿನ ತುದಿ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಸೊಟ್ಟ ಕೂತದ್ದು ತಲೆ ಆಡಿಸುತ್ತದೆ. ಇಷ್ಟಕ್ಕೆ ಯಾವ ಯಂತ್ರವೂ ಬೇಡ.

.22ರಲ್ಲಿ ಸೀಸದ ಮೂತಿಯ ಮೇಲೆ ಗೀರು, ಜಜ್ಜು ಇದೆಯೇ ನೋಡಿ. ಮೇಣ ಅಥವಾ ಗ್ರೀಸ್ ಎಲ್ಲ ಕಡೆ ಒಂದೇ ಸಮ ಹತ್ತಿದೆಯೇ, ಒಣಗಿ ಪುಡಿಯಾಗಿದೆಯೇ ನೋಡಿ. ಸೆಂಟರ್‌ಫೈರ್‌ನಲ್ಲಿ, ಅಂದರೆ .223, .308ರಂತೆ ತಳದ ಮಧ್ಯದಲ್ಲಿ ಪ್ರೈಮರ್ ಇರುವ ಕಾಡತೂಸಿನಲ್ಲಿ, ಆ ಪ್ರೈಮರ್ ಕೇಸಿನ ತಳಕ್ಕೆ ಸಮವಾಗಿ ಅಥವಾ ಕೂದಲೆಳೆಯಷ್ಟು ಒಳಗೆ ಇರಬೇಕು. ಬೆರಳು ಸವರಿದಾಗ ಉಬ್ಬು ತಗುಲಿದರೆ ಆ ಕಾಡತೂಸನ್ನು ಹೊಡೆಯಬೇಡಿ. ಹಸಿರು ಕಿಲುಬು, ಕುತ್ತಿಗೆಯ ಹತ್ತಿರ ಬಿರುಕು, ಆಳವಾದ ಜಜ್ಜು ಇದ್ದದ್ದನ್ನೂ ಪಕ್ಕಕ್ಕೆ ಇಡಿ. ಕುತ್ತಿಗೆಯ ಸುತ್ತ ನೀಲಿ-ಕಂದು ಬಣ್ಣ ಕಂಡರೆ ಹೆದರಬೇಡಿ. ಹಿತ್ತಾಳೆಯನ್ನು ಕಾಯಿಸಿ ಮೆದು ಮಾಡಿದ ಗುರುತು ಅದು, ದೋಷವಲ್ಲ.

ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಗುಂಡಿಗೆ ಅದು ಅಂಟಿದರೆ ಒಳಗೆ ಅಥವಾ ಹೊದಿಕೆಯಲ್ಲಿ ಉಕ್ಕು ಇದೆ. ಅನೇಕ ರೇಂಜ್‌ಗಳಲ್ಲಿ ಅದಕ್ಕೆ ಅನುಮತಿ ಇರುವುದಿಲ್ಲ. ಮೊದಲೇ ಕೇಳಿಕೊಳ್ಳಿ.

ತೂಕದ ಬಗ್ಗೆ ಒಂದು ಎಚ್ಚರಿಕೆ. ಇಡೀ ಕಾಡತೂಸನ್ನು ತೂಗಿ "ಮದ್ದು ಹೆಚ್ಚುಕಡಿಮೆ ಇದೆ" ಅನ್ನುವವರು ತುಂಬ ಜನ. .22 ಎಲ್‌ಆರ್‌ನಲ್ಲಿ ಗುಂಡು ಒಂದೇ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಮದ್ದು ಬರೀ ಒಂದೆರಡು ಗ್ರೇನ್. ತಕ್ಕಡಿಯಲ್ಲಿ ಕಾಣುವ ವ್ಯತ್ಯಾಸ ಹೆಚ್ಚಾಗಿ ಹಿತ್ತಾಳೆಯದ್ದು, ಸೀಸದ್ದು. ಮದ್ದಿನ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ. ತೂಕ ನೋಡಬೇಕೆಂದರೆ ನೋಡಿ, ಆದರೆ ಅದರ ಮೇಲೆ ತೀರ್ಪು ಕೊಡಬೇಡಿ. ಕಾಡತೂಸನ್ನು ಬಿಚ್ಚಿ ಮದ್ದು ತೂಗುವ ಸಾಹಸವಂತೂ ಬೇಡವೇ ಬೇಡ.

## ಹಂತ 4: ರೈಫಲ್ ಸರಿ ಇದೆಯೇ ಅಂತ ಮೊದಲು ನೋಡಿ

ಒಂದು ಸಲ ನಾನು ಎರಡು ದಿನ ಕೂತು ನಾಲ್ಕು ಬಗೆ ಹೊಡೆದೆ. ನಾಲ್ಕೂ ಚದುರಿದವು. ನಾಲ್ಕನ್ನೂ ಕೆಟ್ಟದ್ದು ಅಂತ ಬರೆದಿಟ್ಟೆ. ಮೂರನೇ ದಿನ ಸ್ಕೋಪ್ ಒರೆಸುವಾಗ ಹಿಂದಿನ ರಿಂಗ್ ಬೆರಳಿಗೆ ಅಲುಗಿತು. ಒಂದು ಸ್ಕ್ರೂ ಕಾಲು ಸುತ್ತು ಸಡಿಲ ಆಗಿತ್ತು. ಬಿಗಿ ಮಾಡಿ ಮತ್ತೆ ಹೊಡೆದಾಗ ಅದರಲ್ಲಿ ಎರಡು ಬಗೆ ಬಹಳ ಚೆನ್ನಾಗಿ ಬಂದವು. ಅಷ್ಟು ಕಾಡತೂಸು, ಎರಡು ದಿನ, ಎಲ್ಲ ದಂಡ. ಅಂದಿನಿಂದ ರೇಂಜ್‌ಗೆ ಹೊರಡುವ ಮುಂಚೆ ಸ್ಕ್ರೂ ನೋಡದೆ ಹೊರಡುವುದಿಲ್ಲ.

ಸ್ಕೋಪ್ ರಿಂಗ್, ಬೇಸ್, ಸ್ಟಾಕ್ ಸ್ಕ್ರೂಗಳನ್ನು ರೈಫಲ್ ತಯಾರಕರು ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಬ್ಯಾರೆಲ್ ಸ್ಟಾಕ್‌ಗೆ ತಗುಲಬಾರದ ವಿನ್ಯಾಸವಾಗಿದ್ದರೆ, ಒಂದು ಕಾಗದವನ್ನು ನಡುವೆ ಸರಿಸಿ ನೋಡಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಬ್ಯಾರೆಲ್ ಸ್ವಚ್ಛ ಮಾಡಿ, ಒಣ ಬಟ್ಟೆ ಹಾಯಿಸಿ. ಪರೀಕ್ಷೆ ಮುಗಿಯುವ ತನಕ ರೈಫಲ್‌ನಲ್ಲಿ ಏನನ್ನೂ ಬದಲಿಸಬೇಡಿ. ಮಧ್ಯದಲ್ಲಿ ಸ್ಕೋಪ್ ಕ್ಲಿಕ್ ತಿರುಗಿಸುವುದೂ ಬೇಡ. ತೂತು ಗುರಿಯ ಮಧ್ಯದಲ್ಲಿ ಬೀಳಲೇಬೇಕು ಅಂತ ಏನಿಲ್ಲ. ಗುರಿಗಿಂತ ಸ್ವಲ್ಪ ಪಕ್ಕಕ್ಕೆ ಬಿದ್ದರೇ ಒಳ್ಳೆಯದು, ನೀವು ಗುರಿ ಇಡುವ ಚುಕ್ಕೆ ಹರಿದು ಹೋಗುವುದಿಲ್ಲ.

## ಹಂತ 5ಕ್ಕೆ ಹೋಗುವ ಮುಂಚೆ: ಇವು ಕಂಡರೆ ತಕ್ಷಣ ನಿಲ್ಲಿಸಿ

ಇದನ್ನು ಕೊನೆಗೆ ಇಡದೆ ಇಲ್ಲೇ ಬರೆಯುತ್ತಿದ್ದೇನೆ. ಹೊಡೆಯಲು ಕೂರುವ ಮುಂಚೆ ಇದು ತಲೆಯಲ್ಲಿ ಇರಬೇಕು.

ಸದ್ದು ಕುಗ್ಗಿದರೆ. ಢಂ ಅನ್ನುವ ಬದಲು ಪುಸ್ ಅಂತ ಸದ್ದು, ಭುಜಕ್ಕೆ ಒದೆತವೇ ಇಲ್ಲ. ಟಾರ್ಗೆಟ್ ಮೇಲೆ ಹೊಸ ತೂತೂ ಇಲ್ಲ. ಅದು ಸ್ಕ್ವಿಬ್. ಗುಂಡು ಬ್ಯಾರೆಲ್ ಒಳಗೇ ಸಿಕ್ಕಿಕೊಂಡಿರಬಹುದು. ಮುಂದಿನ ಕಾಡತೂಸು ಹಾಕಿ ಹೊಡೆದರೆ ಬ್ಯಾರೆಲ್ ಸೀಳುತ್ತದೆ. ಮೂತಿ ಟಾರ್ಗೆಟ್ ಕಡೆಗೇ ಇರಲಿ. ಕಾದು, ರೈಫಲ್ ಖಾಲಿ ಮಾಡಿ, ಬೋಲ್ಟ್ (ಚೇಂಬರ್ ಅನ್ನು ಹಿಂದಿನಿಂದ ಮುಚ್ಚುವ ಭಾಗ) ತೆಗೆದು, ಹಿಂದಿನಿಂದ ಬ್ಯಾರೆಲ್ ಒಳಗೆ ಬೆಳಕು ಕಾಣುತ್ತದೆಯೇ ನೋಡಿ. ಬೋಲ್ಟ್ ಹೊರಗೆ ಬಾರದ ರೈಫಲ್ ಆದರೆ ಖಾಲಿ ಇದೆ ಅಂತ ಖಾತ್ರಿಯಾದ ಮೇಲೆ ರಾಡ್ ಹಾಯಿಸಿ ನೋಡಿ.

ಟ್ರಿಗರ್ ಒತ್ತಿದರೂ ಹಾರದಿದ್ದರೆ. ಬೋಲ್ಟ್ ತಕ್ಷಣ ತೆರೆಯಬೇಡಿ. ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಮೂತಿ ಟಾರ್ಗೆಟ್ ಕಡೆ ಇಟ್ಟು ಪೂರ್ತಿ ಒಂದು ನಿಮಿಷ ಕಾಯಿರಿ. ರೇಂಜ್‌ನ ನಿಯಮ ಅದಕ್ಕಿಂತ ಜಾಸ್ತಿ ಹೇಳಿದರೆ ಅದನ್ನೇ ಪಾಲಿಸಿ.

ಒತ್ತಡದ ಲಕ್ಷಣಗಳು. ಬೋಲ್ಟ್ ಎತ್ತಲು ಬಲ ಬೇಕಾಗುವುದು, ಪ್ರೈಮರ್ ಚಪ್ಪಟೆಯಾಗಿ ಅಂಚಿಗೆ ಹರಡಿರುವುದು, ಪ್ರೈಮರ್‌ನಲ್ಲಿ ತೂತು, ಕೇಸಿನ ತಳದಲ್ಲಿ ಎಜೆಕ್ಟರ್‌ನ (ಖಾಲಿ ಕೇಸ್ ಹೊರಗೆ ತಳ್ಳುವ ಭಾಗ) ಹೊಳೆಯುವ ಗುರುತು. ಕೇಸಿನ ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳಪಿನ ಗೆರೆ ಕಂಡರೆ ಅಲ್ಲಿ ಹಿತ್ತಾಳೆ ತೆಳುವಾಗಿ ಹರಿಯುವ ಹಂತದಲ್ಲಿದೆ. .22ರಲ್ಲಿ ರಿಮ್ (ಕೇಸಿನ ತಳದ ಅಂಚು) ಉಬ್ಬಿ ಸೀಳಿದ್ದು, ಮುಖಕ್ಕೆ ಬಿಸಿ ಗಾಳಿ ಬಡಿದದ್ದು ಇದೇ ಸಾಲಿಗೆ ಸೇರುತ್ತವೆ. ಇವುಗಳಲ್ಲಿ ಒಂದು ಕಂಡರೂ ಆ ಲಾಟ್ ಅಲ್ಲಿಗೆ ನಿಲ್ಲಿಸಿ. ಕೇಸ್, ಡಬ್ಬಿ, ಲಾಟ್ ಸಂಖ್ಯೆ ಜೋಪಾನವಾಗಿ ಇಟ್ಟು ತಯಾರಕರಿಗೆ ತಿಳಿಸಿ. ರೈಫಲ್ ಅನ್ನು ಗನ್‌ಸ್ಮಿತ್‌ಗೆ ತೋರಿಸಿ. "ಇನ್ನೊಂದು ಹೊಡೆದು ನೋಡೋಣ" ಅನ್ನುವ ಮಾತು ಇಲ್ಲಿ ಬೇಡ.

ಹೊಡೆದು ಮುಗಿದ ಮೇಲೆ ಕೈ ಮುಖ ಸೋಪು ಹಾಕಿ ತೊಳೆಯಿರಿ. ಅಲ್ಲಿಯ ತನಕ ಏನೂ ತಿನ್ನಬೇಡಿ. ಸೀಸ ಕಣ್ಣಿಗೆ ಕಾಣುವುದಿಲ್ಲ.

## ಹಂತ 5: ಬ್ಯಾರೆಲ್ ಅನ್ನು ಒಗ್ಗಿಸಿ

.22ರ ಒಂದೊಂದು ತಯಾರಿಕೆಗೂ ಒಂದೊಂದು ಬಗೆಯ ಮೇಣ, ಗ್ರೀಸ್ ಇರುತ್ತದೆ. ಒಂದು ಕಂಪನಿಯದ್ದನ್ನು ನಿಲ್ಲಿಸಿ ಇನ್ನೊಂದನ್ನು ಹಾಕಿದಾಗ ಬ್ಯಾರೆಲ್ ಒಳಗಿನ ಹಳೆಯ ಪದರ ಹೋಗಿ ಹೊಸದು ಕೂರಲು ಸಮಯ ಬೇಕು. ಅಷ್ಟರ ತನಕ ತೂತುಗಳು ಅಲೆಯುತ್ತವೆ. ಹಾಗಾಗಿ ಬದಲಿಸಿದಾಗಲೆಲ್ಲ 15ರಿಂದ 20 ಹೊಡೆತ ಲೆಕ್ಕಕ್ಕೆ ಹಿಡಿಯದೆ ಹೊಡೆಯಿರಿ. ಈ ಒಂದು ಹೆಜ್ಜೆ ಬಿಟ್ಟದ್ದಕ್ಕೇ ಎರಡನೇ ಡಬ್ಬಿಯದ್ದು ಹಲವು ಸಲ ಕೆಟ್ಟದ್ದಾಗಿ ಕಾಣುತ್ತದೆ. ನಿಮ್ಮ ಹಳೆಯ ಟಾರ್ಗೆಟ್‌ಗಳಿದ್ದರೆ ತೆಗೆದು ನೋಡಿ. ಎರಡನೆಯದಾಗಿ ಹೊಡೆದದ್ದು ಸೋತಿರುವುದೇ ಜಾಸ್ತಿ ಇದ್ದರೆ ಕಾರಣ ಇದೇ ಇರಬಹುದು.

ಸೆಂಟರ್‌ಫೈರ್‌ಗೆ ಇಷ್ಟು ಬೇಡ. ಸ್ವಚ್ಛ ಬ್ಯಾರೆಲ್‌ನಿಂದ ಮೂರ್ನಾಲ್ಕು ಹೊಡೆತ ಸಾಕು.

## ಹಂತ 6: ಹೊಡೆಯುವ ಕ್ರಮ

ಇಲ್ಲಿ ರಿಮ್‌ಫೈರ್ (.22ರಂತೆ ರಿಮ್ ಒಳಗೇ ಪ್ರೈಮರ್ ಮಿಶ್ರಣ ಇರುವ ಬಗೆ) ಮತ್ತು ಸೆಂಟರ್‌ಫೈರ್ ದಾರಿ ಬೇರೆಯಾಗುತ್ತದೆ.

ಸೆಂಟರ್‌ಫೈರ್ ಆದರೆ ಸರದಿ ಕ್ರಮ ಒಳ್ಳೆಯದು. ಅ, ಆ, ಇ ಅಂತ ಮೂರು ಬಗೆ ಇದ್ದರೆ ಮೊದಲು ಅ-ಆ-ಇ, ಆಮೇಲೆ ಇ-ಆ-ಅ. ಒಂದೊಂದರಲ್ಲೂ ಐದು ಹೊಡೆತದ ಗ್ರೂಪ್, ಅಂದರೆ ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು. ಬೆಳಗಿನ ತಂಪು, ಮಧ್ಯಾಹ್ನದ ಗಾಳಿ, ನಿಮ್ಮ ಸುಸ್ತು ಎಲ್ಲವೂ ಮೂವರಿಗೂ ಸಮನಾಗಿ ಹಂಚಿಹೋಗುತ್ತದೆ. ಗ್ರೂಪ್ ಮುಗಿದ ಮೇಲೆ ಬೋಲ್ಟ್ ತೆರೆದಿಟ್ಟು ಬ್ಯಾರೆಲ್ ಆರಲು ಬಿಡಿ. ಮುಟ್ಟಿ ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಕಾಯಿರಿ. ಬಿಸಿ ಬ್ಯಾರೆಲ್ ಮೇಲೆ ಗಾಳಿ ಕುದಿದು ಸ್ಕೋಪ್‌ನಲ್ಲಿ ಗುರಿಯೇ ಕುಣಿಯುತ್ತದೆ.

.22 ಆದರೆ ಹೀಗೆ ಪದೇ ಪದೇ ಬದಲಿಸಿದರೆ ಮೇಣ ಬೆರೆತು ಎಲ್ಲ ಕೆಡುತ್ತದೆ. ಒಂದೊಂದು ಬಗೆಯನ್ನು ಒಂದೇ ಕಂತಿನಲ್ಲಿ ಹೊಡೆಯಿರಿ: ಒಗ್ಗಿಸುವ ಹೊಡೆತಗಳು, ಆಮೇಲೆ ಐದೈದರ ಐದು ಗ್ರೂಪ್. ಎರಡನೇ ದಿನ ಕ್ರಮವನ್ನು ತಿರುಗಿಸಿ, ಕೊನೆಯದ್ದನ್ನು ಮೊದಲು ಹೊಡೆಯಿರಿ. ಎರಡು ದಿನ ಸೇರಿ ಒಂದೊಂದಕ್ಕೆ 50 ಲೆಕ್ಕದ ಹೊಡೆತ ಆಗುತ್ತದೆ.

ಗಾಳಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಂಟೆಗೆ 16 ಕಿ.ಮೀ. ಅಡ್ಡ ಗಾಳಿ 50 ಮೀಟರ್ ದೂರದಲ್ಲಿ .22 ಗುಂಡನ್ನು ಎರಡೂವರೆ ಸೆಂಟಿಮೀಟರ್ ಆಸುಪಾಸು ಸರಿಸಿಬಿಡುತ್ತದೆ. ನೀವು ಅಳೆಯಲು ಹೊರಟ ವ್ಯತ್ಯಾಸ ಅದಕ್ಕಿಂತ ಚಿಕ್ಕದು. ಪಟ್ಟಿ ಒಂದೇ ರೀತಿ ಹಾರುವಾಗ ಮಾತ್ರ ಹೊಡೆಯಿರಿ. ಇಲ್ಲದಿದ್ದರೆ ಸುಮ್ನೆ ಕಾಯಿರಿ.

ಜೊತೆಗೆ ಒಬ್ಬರು ಗೆಳೆಯರಿದ್ದರೆ ಡಬ್ಬಿ ಅವರ ಹತ್ತಿರ ಇರಲಿ. ಅವರು ಗುರುತಿಲ್ಲದ ತಟ್ಟೆಯಲ್ಲಿ ಐದೈದು ಕೊಡಲಿ, ಯಾವುದು ಯಾವ ಕಂಪನಿ ಅಂತ ಅವರೇ ಬರೆದುಕೊಳ್ಳಲಿ. ದುಬಾರಿ ಕಾಡತೂಸು ಅಂತ ಗೊತ್ತಿದ್ದಾಗ ನಾವು ಟ್ರಿಗರ್ ಅನ್ನು ಹೆಚ್ಚು ಜೋಪಾನವಾಗಿ ಒತ್ತುತ್ತೇವೆ. ಕೈ ಹಾಗೆ ಮಾಡುತ್ತಿದೆ ಅಂತ ಮನಸ್ಸಿಗೆ ಗೊತ್ತೇ ಆಗುವುದಿಲ್ಲ.

ಟ್ರಿಗರ್ ತಪ್ಪಿದೆ ಅನ್ನಿಸಿದರೆ ಟಾರ್ಗೆಟ್ ನೋಡುವ ಮುಂಚೆಯೇ "ಇದು ನನ್ನ ತಪ್ಪು" ಅಂತ ಬಾಯಿಬಿಟ್ಟು ಹೇಳಿ ಬರೆದುಕೊಳ್ಳಿ. ಆ ಒಂದು ಹೊಡೆತವನ್ನು ಬಿಡಬಹುದು. ತೂತು ನೋಡಿದ ಮೇಲೆ "ಅದು ಬಿಡಿ, ಕೈ ಅಲುಗಿತು" ಅಂದರೆ ಒಪ್ಪುವಂತಿಲ್ಲ. ದೂರ ಬಿದ್ದ ಆ ಒಂದು ತೂತೇ ಕೆಟ್ಟ ಲಾಟ್‌ನ ಸಾಕ್ಷಿ ಇರಬಹುದು.

## ಹಂತ 7: ವೇಗ ಅಳೆಯಿರಿ, ಆದರೆ ಅದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ

ಕ್ರೋನೋಗ್ರಾಫ್‌ನಲ್ಲಿ ನೋಡಬೇಕಾದದ್ದು ಸರಾಸರಿ ವೇಗಕ್ಕಿಂತ ಅದರ ಏರಿಳಿತ. ಒಂದೊಂದು ಬಗೆಗೆ ಕನಿಷ್ಠ 20 ಹೊಡೆತದ ವೇಗ ದಾಖಲಿಸಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ನೋಡಿ. ಗರಿಷ್ಠ ಮತ್ತು ಕನಿಷ್ಠ ವೇಗದ ಅಂತರ ಹೊಡೆತ ಹೆಚ್ಚಾದಂತೆ ತಾನಾಗಿಯೇ ಬೆಳೆಯುತ್ತದೆ. ಹಾಗಾಗಿ ಒಂದರಲ್ಲಿ 10 ಹೊಡೆದು ಇನ್ನೊಂದರಲ್ಲಿ 30 ಹೊಡೆದರೆ ಆ ಅಂತರಗಳನ್ನು ಹೋಲಿಸುವಂತಿಲ್ಲ.

.22ರಲ್ಲಿ ಏರಿಳಿತ ಎಷ್ಟು ಮುಖ್ಯ ಅಂತ ಒಂದು ಲೆಕ್ಕ ಮಾಡೋಣ. ಸೆಕೆಂಡಿಗೆ 325 ಮೀಟರ್‌ನಲ್ಲಿ ಹೊರಟ ಗುಂಡು 50 ಮೀಟರ್ ಮುಟ್ಟುವಷ್ಟರಲ್ಲಿ ಬ್ಯಾರೆಲ್‌ನ ನೇರ ಗೆರೆಯಿಂದ ಸುಮಾರು 127 ಮಿ.ಮೀ. ಕೆಳಗೆ ಬಿದ್ದಿರುತ್ತದೆ. ವೇಗ 10 ಮೀಟರ್ ಕಡಿಮೆಯಾದರೆ ಇನ್ನೂ ಸುಮಾರು 8 ಮಿ.ಮೀ. ಕೆಳಗೆ. ಐಎಸ್‌ಎಸ್‌ಎಫ್‌ನ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಒಂದು ವೃತ್ತದಿಂದ ಮುಂದಿನ ವೃತ್ತಕ್ಕೆ ಇರುವ ದೂರವೂ 8 ಮಿ.ಮೀ. ಅಂದರೆ ನಿಮ್ಮ ಕೈಯಲ್ಲಿ ಏನೂ ತಪ್ಪಿಲ್ಲದೆ ಒಂದು ಅಂಕ ಹೋಯಿತು. ತೂತುಗಳು ಮೇಲೆ ಕೆಳಗೆ ಉದ್ದಕ್ಕೆ ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಒಳ್ಳೆಯ ಮ್ಯಾಚ್ .22ರಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಸೆಕೆಂಡಿಗೆ 3 ಮೀಟರ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಬರುತ್ತದೆ. ಅಗ್ಗದ ಸಗಟು ಡಬ್ಬಿಯಲ್ಲಿ 6 ದಾಟುವುದೂ ಉಂಟು.

ಅದೇ 10 ಮೀಟರ್ ವ್ಯತ್ಯಾಸ .308ರಲ್ಲಿ 100 ಮೀಟರ್ ದೂರಕ್ಕೆ ಬರೀ 2 ಮಿ.ಮೀ. ಆಗುತ್ತದೆ, ಕಣ್ಣಿಗೂ ಕಾಣುವುದಿಲ್ಲ. 600 ಮೀಟರ್‌ಗೆ ಹೋದರೆ 10 ಸೆಂಟಿಮೀಟರ್ ಹತ್ತಿರ ಬರುತ್ತದೆ. ನೀವು ಹೊಡೆಯುವ ದೂರ ಎಷ್ಟೋ ಅದರ ಮೇಲೆ ವೇಗದ ಲೆಕ್ಕಕ್ಕೆ ಬೆಲೆ.

ಬ್ಯಾರೆಲ್‌ಗೆ ಕಟ್ಟುವ ಬಗೆಯ ಕ್ರೋನೋಗ್ರಾಫ್ ಇದ್ದರೆ ವೇಗವನ್ನು ಬೇರೆಯಾಗಿ ಅಳೆಯಿರಿ. ಅದರ ಭಾರಕ್ಕೆ ಬ್ಯಾರೆಲ್ ಕಂಪಿಸುವ ರೀತಿಯೇ ಬದಲಾಗಿ ಗ್ರೂಪ್ ಬೇರೆಯಾಗುತ್ತದೆ. ರಾಡಾರ್ ಬಗೆಯದ್ದಕ್ಕೆ ಈ ತೊಂದರೆ ಇಲ್ಲ. ಕಾಡತೂಸುಗಳು ನೆರಳಿನಲ್ಲಿ ಇರಲಿ. ಬಿಸಿಲಲ್ಲಿ ಕಾದ ಮದ್ದು ಬೇರೆ ವೇಗ ಕೊಡುತ್ತದೆ. ಬಿಸಿ ಚೇಂಬರ್ ಒಳಗೆ ಕಾಡತೂಸು ಹಾಕಿ ಗಾಳಿಗಾಗಿ ಕಾಯುತ್ತ ಕೂರುವುದೂ ಅದೇ ತಪ್ಪು.

## ಹಂತ 8: ಅಳೆಯಿರಿ, ಲೆಕ್ಕ ಹಾಕಿ

ಗ್ರೂಪ್‌ನ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್ ಇಡಿ. ಅದರಲ್ಲಿ ಒಂದು ತೂತಿನ ಅಗಲ ಕಳೆಯಿರಿ. ಸಿಕ್ಕಿದ್ದು ಮಧ್ಯದಿಂದ ಮಧ್ಯಕ್ಕೆ ದೂರ. ಕಳೆಯುವುದು ಅದೇ ಹಾಳೆಯ ಮೇಲಿನ ಒಂಟಿ ತೂತಿನ ಅಗಲವನ್ನು, ಗುಂಡಿನ ವ್ಯಾಸವನ್ನಲ್ಲ. ಕಾಗದ ಸ್ವಲ್ಪ ಕುಗ್ಗುತ್ತದೆ, ತೂತು ಗುಂಡಿಗಿಂತ ಚಿಕ್ಕದಾಗಿ ಕಾಣುತ್ತದೆ. ಬೇರೆ ದೂರದ ಫಲಿತಾಂಶದ ಜೊತೆ ನೋಡಬೇಕಾದರೆ ಕೋನಕ್ಕೆ ಬದಲಿಸಿಕೊಳ್ಳಿ: 1 ಎಂಒಎ (ಒಂದು ಡಿಗ್ರಿಯಲ್ಲಿ ಅರವತ್ತನೇ ಒಂದು ಭಾಗ) ಅಂದರೆ 50 ಮೀಟರ್‌ಗೆ 14.5 ಮಿ.ಮೀ., 100 ಮೀಟರ್‌ಗೆ 29.1 ಮಿ.ಮೀ.

ಈಗ ಮೂರು ಹೊಡೆತದ ಗ್ರೂಪ್ ಯಾಕೆ ಮೋಸ ಮಾಡುತ್ತದೆ ಅಂತ ನೋಡಿ. ಒಂದೇ ರೈಫಲ್, ಒಂದೇ ಲಾಟ್. ಮೂರು ಹೊಡೆತದ ಗ್ರೂಪ್‌ಗಳ ಸರಾಸರಿ 15 ಮಿ.ಮೀ. ಬಂದರೆ, ಅದೇ ಕಾಡತೂಸಿನ ಐದು ಹೊಡೆತದ ಸರಾಸರಿ ಸುಮಾರು 19, ಹತ್ತು ಹೊಡೆತದ ಸರಾಸರಿ ಸುಮಾರು 24. ಏನೂ ಕೆಟ್ಟಿಲ್ಲ, ಹೊಡೆತ ಹೆಚ್ಚಾದಷ್ಟೂ ಚದುರುವಿಕೆ ಪೂರ್ತಿ ಹೊರಗೆ ಬರುತ್ತದೆ. ಹಾಗಾಗಿ ಒಬ್ಬರ ಮೂರು ಹೊಡೆತದ ಅಳತೆಯನ್ನು ಇನ್ನೊಬ್ಬರ ಐದು ಹೊಡೆತದ ಅಳತೆಯ ಪಕ್ಕ ಇಡಲೇಬಾರದು.

ಐದು ಹೊಡೆತದ ಒಂಟಿ ಗ್ರೂಪ್ ಕೂಡ ನಂಬುವಂಥದ್ದಲ್ಲ. ಸರಾಸರಿ 20 ಮಿ.ಮೀ. ಕೊಡುವ ಕಾಡತೂಸು ಒಂದು ಸಲ 14, ಇನ್ನೊಂದು ಸಲ 26 ಕೊಡುವುದು ತೀರಾ ಸಹಜ. 14 ಬಂದ ಟಾರ್ಗೆಟ್ ಅನ್ನು ಜೇಬಲ್ಲಿ ಇಟ್ಟುಕೊಂಡು ತೋರಿಸುತ್ತೇವೆ, 26 ಬಂದದ್ದು ಕಸದ ಬುಟ್ಟಿಗೆ ಹೋಗುತ್ತದೆ. ಎಲ್ಲವನ್ನೂ ಇಟ್ಟುಕೊಳ್ಳಿ. ಹತ್ತು ಗ್ರೂಪ್‌ಗಳ ಸರಾಸರಿ ತೆಗೆಯಿರಿ.

ಇನ್ನೂ ಒಳ್ಳೆಯ ದಾರಿ ಬೇಕೆಂದರೆ ಸರಾಸರಿ ತ್ರಿಜ್ಯ. ಹಾಳೆಯ ಎಡ ಅಂಚಿನಿಂದ ಮತ್ತು ಕೆಳ ಅಂಚಿನಿಂದ ಪ್ರತಿ ತೂತಿನ ದೂರ ಅಳೆಯಿರಿ. ಎರಡರ ಸರಾಸರಿಯೂ ಸೇರುವ ಚುಕ್ಕೆಯೇ ಗ್ರೂಪ್‌ನ ಕೇಂದ್ರ. ಆ ಚುಕ್ಕೆಯಿಂದ ಪ್ರತಿ ತೂತಿಗೆ ದೂರ ಅಳೆದು ಸರಾಸರಿ ತೆಗೆಯಿರಿ. ಮೊದಲಿನ ವಿಧಾನದಲ್ಲಿ ಎರಡು ತೂತು ಮಾತ್ರ ಮಾತಾಡುತ್ತವೆ, ಇದರಲ್ಲಿ ಎಲ್ಲ ತೂತುಗಳೂ ಮಾತಾಡುತ್ತವೆ. ಟಾರ್ಗೆಟ್ ಫೋಟೋ ತೆಗೆದರೆ ಲೆಕ್ಕ ಹಾಕಿಕೊಡುವ ಮೊಬೈಲ್ ಆ್ಯಪ್‌ಗಳೂ ಇವೆ.

## ಹಂತ 9: ತೀರ್ಮಾನ, ಖರೀದಿ

50 ಹೊಡೆತದ ನಂತರ ಎರಡು ಬಗೆಗಳ ಸರಾಸರಿಯಲ್ಲಿ ಶೇ 10ರಷ್ಟು ವ್ಯತ್ಯಾಸ ಇದ್ದರೆ ಅವೆರಡೂ ಸಮ ಅಂತಲೇ ಇಟ್ಟುಕೊಳ್ಳಿ. ಬೆಲೆ ಕಡಿಮೆ ಇರುವುದನ್ನು ಆರಿಸಿ. ಶೇ 25 ದಾಟಿದರೆ ಆ ವ್ಯತ್ಯಾಸವನ್ನು ನಂಬಬಹುದು. ನಡುವೆ ಇದ್ದರೆ ಆ ಎರಡನ್ನೇ ಇಟ್ಟುಕೊಂಡು ಇನ್ನೊಂದು ದಿನ ಹೊಡೆಯಿರಿ.

ಸರಾಸರಿ ಚೆನ್ನಾಗಿದ್ದೂ ಐವತ್ತರಲ್ಲಿ ಎರಡು ಮೂರು ಗುಂಡು ದೂರ ಹಾರುವ ಲಾಟ್ ಇದ್ದರೆ ನಾನು ಅದನ್ನು ಸ್ಪರ್ಧೆಗೆ ಒಯ್ಯುವುದಿಲ್ಲ. ಸ್ವಲ್ಪ ದೊಡ್ಡ ಗ್ರೂಪ್ ಕೊಟ್ಟರೂ ದಾರಿ ತಪ್ಪದ ಲಾಟ್ ಮೇಲು. ಹಾರದೆ ಉಳಿದ ಕಾಡತೂಸುಗಳ ಲೆಕ್ಕವನ್ನೂ ಇಡಿ. 80ರಲ್ಲಿ ಒಂದು ಹಾರದಿದ್ದರೆ ಗುರುತು ಹಾಕಿಕೊಳ್ಳಿ. ಎರಡಾದರೆ ಮೊದಲು ರೈಫಲ್‌ನ ಫೈರಿಂಗ್ ಪಿನ್ ಗುರುತು ಆಳವಾಗಿ ಬಿದ್ದಿದೆಯೇ ನೋಡಿ. ಆಳವಾಗಿದ್ದರೆ ಲಾಟ್ ಬಿಡಿ.

ಆರಿಸಿದ ಲಾಟ್ ಇನ್ನೂ ಅಂಗಡಿಯಲ್ಲಿ ಇದ್ದರೆ, ನಿಮ್ಮ ಪರವಾನಗಿಯ ಮಿತಿಯೊಳಗೆ, ಒಂದು ಋತುವಿಗೆ ಆಗುವಷ್ಟು ಅದೇ ದಿನ ಕೊಂಡುಬಿಡಿ. ಒಂದು ವಾರ ಬಿಟ್ಟು ಹೋದರೆ ಅದೇ ಡಬ್ಬಿಯಲ್ಲಿ ಬೇರೆ ಲಾಟ್ ಕೂತಿರಬಹುದು. ತಂಪಾದ, ಒಣ ಜಾಗದಲ್ಲಿ ಬೀಗ ಹಾಕಿ, ಮೂಲ ಡಬ್ಬಿಯಲ್ಲೇ ಇಡಿ. ಬೇರೆ ಡಬ್ಬಿಗೆ ಸುರಿದರೆ ಲಾಟ್ ಸಂಖ್ಯೆ ಕಳೆದುಹೋಗುತ್ತದೆ. ಕೊನೆಯ 30 ಕಾಡತೂಸುಗಳನ್ನು ಮುಟ್ಟದೆ ಎತ್ತಿಡಿ. ಮುಂದಿನ ಲಾಟ್ ಪರೀಕ್ಷೆಗೆ ಬೆಂಚಿಗೆ ಹೋದಾಗ ಹೊಸದರ ಪಕ್ಕದಲ್ಲಿ ಮೊದಲು ಹೊಡೆಯಬೇಕಾದದ್ದು ಅವನ್ನೇ.